ಮೋರಿ ಇದ್ದ ಬಚ್ಚಲು

ಅಮೆರಿಕದ ಬಚ್ಚಲುಮನೆಯ ನೆಲಕ್ಕೆ ಮೋರಿ ಇರುವುದಿಲ್ಲ. ಈ ವಿಷಯ ನನ್ನ ಅಮ್ಮನಿಗೆ ಗೊತ್ತಾದದ್ದು ಕೆಳಗಿನ ಮನೆಯವರ ಸೂರು ಸೋರಿದ ಮೇಲೆ.

ಎಂಬತ್ತರ ದಶಕದ ನಡುವಿನ ಮಾತು. ನಾವಾಗ ಕ್ಯುಪರ್ಟಿನೋದ ಒಂದು ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮಹಡಿಯಲ್ಲಿದ್ದೆವು. ನನಗೆ ಹೆಣ್ಣುಮಗುವಾಗಿತ್ತು. ಬಾಣಂತನಕ್ಕೆಂದು ಅಮ್ಮ ಮಂಡ್ಯದ ಕಡೆಯ ನಮ್ಮೂರಿನಿಂದ ಸೂಟ್‌ಕೇಸಿನ ತುಂಬ ಸೀಗೆಪುಡಿ, ಹರಳೆಣ್ಣೆ, ಒಣಶುಂಠಿ ಮತ್ತು ಒಂದು ತಾಮ್ರದ ಚೊಂಬು ತುಂಬಿಕೊಂಡು ಬಂದಿದ್ದಳು. ಬಟ್ಟೆ ಎರಡೇ ಸೀರೆ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವುದರಲ್ಲಿ ನಮ್ಮೂರಿನಲ್ಲಿ ಅವಳ ಕೈಗೆ ಎದುರಿಲ್ಲ. ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲು ಅವಳಿಗೇ ಹೇಳಿಕಳಿಸುತ್ತಿದ್ದರು. ಆ ಕೈ ಮೊಮ್ಮಗಳಿಗೆ ಎರೆಯಲೆಂದು ಏಳು ಸಮುದ್ರ ದಾಟಿ ಬಂದಿತ್ತು.

ಬಂದ ಮಾರನೆಯ ದಿನವೇ ಬಚ್ಚಲಿನ ಪರೀಕ್ಷೆ ಶುರುವಾಯಿತು. ಟಬ್ಬನ್ನು ಒಂದು ಸಲ ನೋಡಿ, "ಇದೇನವ್ವ, ದನಕ್ಕೆ ಕಲಗಚ್ಚು ಹುಯ್ಯೋ ಬಾನಿ ಇದ್ದಂಗದೆ" ಎಂದಳು. ಅದರೊಳಗೆ ಕಾಲು ಚಾಚಿ ಕೂರೋಣವೆಂದರೆ ತಳ ಜಾರುತ್ತದೆ, ಒಮ್ಮೆ ಕೂತರೆ ಅವಳ ಮಂಡಿಗೆ ಏಳಲು ಬರುವುದಿಲ್ಲ. ಸರಿ, ನಾನು ಮಲಗಿದ್ದಾಗ ತಾನೇ ಉಪಾಯ ಮಾಡಿದಳು. ಮನೆಯಲ್ಲಿದ್ದ ಎರಡು ದಪ್ಪ ಟೆಲಿಫೋನ್ ಡೈರೆಕ್ಟರಿಗಳನ್ನು ಗ್ರೋಸರಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಟಬ್ಬಿನ ಹೊರಗೆ ನೆಲದ ಮೇಲೆ ಹಾಕಿ, ಅದರ ಮೇಲೆ ಕೂತು, ಕೂಸಿಗೆ ಸಾಂಗವಾಗಿ ಎರಡು ಬಕೆಟ್ ನೀರು ಹುಯ್ದಳು. ನೀರು ತಾನಾಗಿಯೇ ಎಲ್ಲಿಗಾದರೂ ಹೋಗುತ್ತದೆಂದು ಅವಳ ನಂಬಿಕೆ. ಹೋಯಿತು, ಕೆಳಗಿನ ಮನೆಯ ಊಟದ ಮೇಜಿಗೆ.

ಕೆಳಗಿದ್ದವರು ಒಬ್ಬ ವಯಸ್ಸಾದ ಜಪಾನೀ ಹೆಂಗಸು. ಬಾಗಿಲು ತಟ್ಟಿದಾಗ ಇನ್ನು ಮನೆ ಖಾಲಿ ಮಾಡಿಸುತ್ತಾರೆ ಎಂದುಕೊಂಡೇ ತೆರೆದೆ. ಅವರು ನನ್ನನ್ನು ಬಿಟ್ಟು ನನ್ನ ಹಿಂದೆ ನೋಡುತ್ತಿದ್ದರು. ಅಲ್ಲಿ ಅಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಚೊಂಬು ಹಿಡಿದು ನಿಂತಿದ್ದಳು, ಮುಖ ಚಿಕ್ಕದು ಮಾಡಿಕೊಂಡು. ಆ ಹೆಂಗಸು ಬೈಯಲಿಲ್ಲ. ತನ್ನ ಅಕ್ಕ ಉತ್ತರದ ಗುಡ್ಡಗಳಲ್ಲಿ ಬಿಸಿನೀರಿನ ಬುಗ್ಗೆಯ ಪಕ್ಕ ಜಪಾನೀ ರೀತಿಯ ವಸತಿಗೃಹ ನಡೆಸುತ್ತಾಳೆ, ಅಲ್ಲಿ ನೆಲದ ಮೇಲೆ ಎಷ್ಟು ನೀರು ಬೇಕಾದರೂ ಚೆಲ್ಲಬಹುದು, ನಿಮ್ಮ ತಾಯಿಯನ್ನು ಕರೆದುಕೊಂಡು ಹೋಗಿ, ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿ ಹೋದರು.

ಅಮ್ಮ ಮಾತ್ರ ಅಂದಿನಿಂದ ಮಂಕಾದಳು. ಕೂಸಿಗೆ ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ ಉಳಿಯಿತು. ಮೂರನೆಯ ದಿನ ಊಟಕ್ಕೆ ಕೂತಾಗ ಹೇಳಿದಳು: "ಕೂಸಿಗೆ ನೀರ್ ಹುಯ್ಯಕ್ಕಾಗ್ದೆ ಇದ್ಮೇಲೆ ನಾನ್ಯಾಕವ್ವ ಇಲ್ಲಿರ್ಲಿ. ಊರಿಗ್ ಹೋಯ್ತೀನಿ."

"ಅತ್ತೆ, ಆರು ತಿಂಗಳು ಇರ್ತೀನಿ ಅಂದಿದ್ರಲ್ಲ," ಎಂದರು ನನ್ನ ಗಂಡ.

"ಅಂದಿದ್ದೆ ಕಣಪ್ಪ. ಟಿಕೀಟ್ ಬದ್ಲಾಯ್ಸಿ ಬೇಗ ಹೊರಡೋ ಹಂಗ್ ಮಾಡ್ಸು."

ನನಗೆ ಸಿಟ್ಟು ಬಂತು, ಅಳುವೂ ಬಂತು. ಬಾಣಂತಿಯ ಸಿಟ್ಟಿಗೆ ಹೊತ್ತಿಲ್ಲ ಗೊತ್ತಿಲ್ಲ. ನಾನು ತಟ್ಟೆ ಬಿಟ್ಟು ಎದ್ದೆ. ಕೆಲಸಕ್ಕೆ ಹಿಂತಿರುಗುವ ಯೋಚನೆ, ಡೇಕೇರಿನ ಯೋಚನೆ ಎಲ್ಲ ಇದ್ದವು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ನನಗೆ ಅಮ್ಮ ಬೇಕಾಗಿದ್ದಳು, ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನ್ನ ಗಂಡ ಟ್ರಾವೆಲ್ ಏಜೆಂಟಿಗೆ ಫೋನು ಮಾಡುವುದನ್ನು ಸೋಮವಾರಕ್ಕೆ ತಳ್ಳಿ, ಶನಿವಾರ ನಮ್ಮೆಲ್ಲರನ್ನೂ ಕಾರಿಗೆ ತುಂಬಿದರು.

ಸೇತುವೆ ದಾಟಿ, ಫ್ರೀವೇ ಬಿಟ್ಟು, ಗುಡ್ಡದ ದಾರಿಯಲ್ಲಿ ಕೂಸು ಎರಡು ಸಲ ಕಕ್ಕಿಕೊಂಡ ಮೇಲೆ ಕೆಳಗಿನ ಮನೆಯವರ ಅಕ್ಕನ ವಸತಿಗೃಹ ಸಿಕ್ಕಿತು. ಮರದ ಮನೆ, ಉದ್ದನೆಯ ಜಗುಲಿ, ಹಿಂದೆ ಹಬೆ. ಬಾಗಿಲಲ್ಲೇ ಒಡತಿ ಬಗ್ಗಿ ನಮಸ್ಕರಿಸಿ ನಮ್ಮ ಕಾಲು ತೋರಿಸಿದರು. ಚಪ್ಪಲಿ ಹೊರಗೆ. ಅಮ್ಮ ನನ್ನನ್ನು ನೋಡಿದಳು. ಇಷ್ಟು ದಿನ ಈ ದೇಶದ ಜನ ಬೂಟು ಹಾಕಿಕೊಂಡೇ ಹಾಸಿಗೆ ಹತ್ತುತ್ತಾರೆ ಎಂದು ಗೊಣಗುತ್ತಿದ್ದವಳು ಅವಳು.

"ಇವ್ರು ಮನುಷ್ಯರು," ಎಂದಳು.

ಒಳಗೆ ಮಂಚವಿಲ್ಲ, ನೆಲಕ್ಕೆ ಚಾಪೆ, ಹಾಸಿಗೆ ಸುತ್ತಿ ಗೂಡಿನಲ್ಲಿಟ್ಟಿದ್ದರು. ನೆಲದ ಮೇಲೆಯೇ ಊಟ. ಅನ್ನ ಬಂತು, ಸುಟ್ಟ ಮೀನು ಬಂತು. ಅಮ್ಮ ಮೀನನ್ನು ಮುಳ್ಳು ಬಿಡಿಸಿ ತಿಂದು, "ಮೀನೇನೋ ಚೆನ್ನಾಗದೆ. ಪಾಪ, ಸಾರು ಮಾಡಕ್ ಗೊತ್ತಿಲ್ಲ," ಎಂದು ಒಡತಿಯ ಪರವಾಗಿ ನೊಂದುಕೊಂಡಳು. ಬಹಳ ದಿನಗಳ ಮೇಲೆ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು.

ಬೆಳಗ್ಗೆ ಹೆಂಗಸರ ಸ್ನಾನದ ಮನೆಯನ್ನು ಒಡತಿ ನಮಗಷ್ಟೇ ಬಿಟ್ಟುಕೊಟ್ಟರು. ಕಲ್ಲಿನ ದೊಡ್ಡ ತೊಟ್ಟಿ, ಅದರಲ್ಲಿ ನೆಲದಡಿಯಿಂದ ಬಂದ ಬಿಸಿನೀರು ಕುತ್ತಿಗೆಯ ಮಟ್ಟ. ತೊಟ್ಟಿಯ ಹೊರಗೆ ಗಿಡ್ಡನೆಯ ಮರದ ಮಣೆಗಳು, ಮರದ ಬಕೆಟ್ಟುಗಳು. ಮಣೆಯ ಮೇಲೆ ಕೂತು ಮೈ ಪೂರ್ತಿ ತೊಳೆದುಕೊಂಡು, ಆಮೇಲೆ ಬಟ್ಟೆಯಿಲ್ಲದೆ ತೊಟ್ಟಿಗೆ ಇಳಿಯಬೇಕು. ನಾನು ಇದನ್ನೆಲ್ಲ ಅಮ್ಮನಿಗೆ ವಿವರಿಸುತ್ತಿದ್ದರೆ ಅವಳು ನೆಲ ನೋಡುತ್ತಿದ್ದಳು. ಇಳಿಜಾರಾದ ಕಲ್ಲುನೆಲ, ಮೂಲೆಯಲ್ಲಿ ಒಂದು ತೂತು. ಒಂದು ಚೊಂಬು ನೀರು ಚೆಲ್ಲಿದಳು. ನೀರು ಸುರ್ರೆಂದು ಓಡಿ ತೂತಿನಲ್ಲಿ ಇಳಿಯಿತು. ಮತ್ತೊಂದು ಚೊಂಬು ಚೆಲ್ಲಿದಳು.

"ಮೋರಿ," ಎಂದಳು. ದೇವರ ಹೆಸರನ್ನೂ ಅವಳು ಅಷ್ಟು ಭಕ್ತಿಯಿಂದ ಹೇಳಿದ್ದನ್ನು ನಾನು ಕೇಳಿಲ್ಲ.

ತೊಟ್ಟಿಗೆ ಇಳಿ ಎಂದರೆ ಮಾತ್ರ ಸುತರಾಂ ಒಪ್ಪಲಿಲ್ಲ. ನಾಚಿಕೆಯೇನಲ್ಲ. "ಹಂಡೆಯೊಳಕ್ಕೆ ಯಾರಾದ್ರೂ ಇಳೀತಾರಾ? ಕಾದಿರೋ ನೀರು ಕೆಟ್ಟೋಗಲ್ವಾ?" ಅವಳ ಲೆಕ್ಕದಲ್ಲಿ ಅದು ತೊಟ್ಟಿಯಲ್ಲ, ಒಲೆಯಿಲ್ಲದೆ ಕಾಯುವ ಹಂಡೆ. ಮಣೆ ಎಳೆದುಕೊಂಡು ಕೂತು, ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿ, ಕಾಲು ಚಾಚಿ, "ತತ್ತಾ ಕೂಸ್ನ," ಎಂದಳು.

ಎಣ್ಣೆ ಹಚ್ಚಿ, ಕೈಕಾಲು ನೀವಿ, ಮೂಗು ತಿದ್ದಿ, ಬೆನ್ನಿಗೆ ಬಿಸಿನೀರು ಬಿಟ್ಟಳು. ಮಗಳು ಮೊದಲು ಊರು ಒಂದಾಗುವ ಹಾಗೆ ಕಿರುಚಿ, ಆಮೇಲೆ ಆ ಕಾಲುಗಳ ನಡುವೆಯೇ ನಿದ್ದೆಹೋದಳು. ಅವಳನ್ನು ಸುತ್ತಿ ಮಲಗಿಸಿ, ಅಮ್ಮ ನನ್ನ ಕಡೆ ತಿರುಗಿದಳು.

"ನೀನೂ ಬಾ. ಕೂತ್ಕೋ."

ಎಂಜಿನಿಯರಿಂಗು ಓದಿದ, ಕೆಲಸದಲ್ಲಿದ್ದ, ಒಂದು ಮಗುವಿನ ತಾಯಿ ನಾನು ಮಣೆಯ ಮೇಲೆ ಮುದುರಿ ಕೂತೆ. ಸೀಗೆಪುಡಿ ಕಣ್ಣಿಗೆ ಹೋಯಿತು. ಕಣ್ಣು ಉರಿದದ್ದು ಒಳ್ಳೆಯದೇ ಆಯಿತು, ಎಷ್ಟು ಬೇಕೋ ಅಷ್ಟು ಅತ್ತೆ.

ಸೀಗೆಪುಡಿಯ ವಾಸನೆಗೆ ಒಡತಿ ಬಂದು ಇಣುಕಿದರು. ತೊಟ್ಟಿಗೆ ಇಳಿಯದೆ ಹೊರಗೇ ಸ್ನಾನ ಮುಗಿಸಿದ ಅತಿಥಿಯನ್ನು ಅವರು ಮೊದಲು ಕಂಡಿದ್ದು ಅಂದೇ ಇರಬೇಕು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಮ್ಮನೂ ನಕ್ಕು, ತಾನು ಕೂತಿದ್ದ ಮಣೆಯನ್ನು ಎತ್ತಿ ಗೇಣು ಹಾಕಿ ಅಳೆದಳು. ಉದ್ದ ಅಳೆದಳು, ಅಗಲ ಅಳೆದಳು, ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು. ಆಮೇಲೆ ಅದನ್ನು ಎದೆಗೆ ಅವುಚಿಕೊಂಡು ಒಡತಿಯನ್ನು ನೋಡಿದಳು. ಮುದುಕಿಯರಿಬ್ಬರ ನಡುವೆ ಭಾಷೆ ಒಂದಕ್ಷರ ಇರಲಿಲ್ಲ. ಒಡತಿ ತಲೆಯಾಡಿಸಿ, ಮಣೆಯನ್ನು ಒರೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟರು. ನನಗೋ ನಾಚಿಕೆ. ಊರಿಗೆ ಹೋಗುವಾಗ ಇದೊಂದು ನೆನಪಿಗೆ ಒಯ್ಯುತ್ತಾಳೆ ಎಂದುಕೊಂಡೆ.

ಸೋಮವಾರ ಬೆಳಗ್ಗೆ ಕೂಸಿನ ಕಿರುಚಾಟಕ್ಕೆ ಎಚ್ಚರವಾಯಿತು. ಬಚ್ಚಲಿಗೆ ಓಡಿದೆ. ಮಣೆ ಟಬ್ಬಿನೊಳಗಿತ್ತು, ಅಂಚಿಗೆ ಅಂಚು ಸರಿಯಾಗಿ, ಜಾರದ ಹಾಗೆ. ಅದರ ಮೇಲೆ ಅಮ್ಮ. ಟಬ್ಬಿನ ಉದ್ದಕ್ಕೂ ಚಾಚಿದ ಅವಳ ಕಾಲ ಮೇಲೆ ನನ್ನ ಮಗಳು. ಹುಯ್ದ ನೀರೆಲ್ಲ ಟಬ್ಬಿನ ತೂತಿನಲ್ಲೇ ಇಳಿಯುತ್ತಿತ್ತು.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಕೆಳಗಿನ ಮನೆಯವರು. ಕಿರುಚಾಟ ಕೇಳಿ ಬಂದಿದ್ದರು. ಸೂರು ಒಣಗಿಯೇ ಇದೆ ಎಂದು ಮೊದಲೇ ಹೇಳಿದರು. ಅವರನ್ನು ಒಳಗೆ ಕರೆದೆ. ಬಚ್ಚಲಿನ ಬಾಗಿಲಲ್ಲಿ ನಿಂತು ಅವರು ತಮ್ಮ ಅಕ್ಕನ ಮಣೆಯನ್ನು ಗುರುತು ಹಿಡಿದರು.

ಅಮ್ಮ ತಲೆಯೆತ್ತದೆ ನನಗೆ ಹೇಳಿದಳು: "ಇಂಗ್ಲಿಷ್ನಾಗೆ ಹೇಳವ್ವ ಅವ್ರಿಗೆ. ಅಕ್ಕಂಗೆ ತಿಳಿಸ್ಬೇಕಂತೆ ಅನ್ನು. ಮಣೆ ಆರು ತಿಂಗಳು ಬಿಟ್ಟು ವಾಪಸ್ ಕೊಡ್ತೀನಿ. ಅಲ್ಲೀಗಂಟ ನಂಗೆ ಬೇಕು."

ಅಡುಗೆಮನೆಯಲ್ಲಿ ನನ್ನ ಗಂಡ ಟ್ರಾವೆಲ್ ಏಜೆಂಟಿಗೆ ಮಾಡಲೆಂದು ಎತ್ತಿದ್ದ ಫೋನನ್ನು ಕೆಳಗಿಟ್ಟ ಸದ್ದು ಕೇಳಿಸಿತು. ನಾನು ಇಂಗ್ಲಿಷಿನಲ್ಲಿ ಹೇಳಲು ಹೋದೆ. ಮಣೆಯ ತನಕ ಹೇಳಿದೆ, ಆರು ತಿಂಗಳು ಅನ್ನುವುದು ಮಾತ್ರ ಕನ್ನಡದಲ್ಲೇ ಬಂತು.