ಅತ್ತೆ ಮಡಿ ಮರೆತ ಬೆಳಗು

ಪೀಣ್ಯ ಫ್ಯಾಕ್ಟರಿಯ ಸೆಕೆಂಡ್ ಶಿಫ್ಟ್ ಗೆಳತೀರಾ, ಲೇಡೀಸ್ ರೂಮಿನ ಬೋರ್ಡಿಗೆ ಇವತ್ತು ನನ್ನ ಸುದ್ದಿ! ತಿಂಗಳುಗಟ್ಟಲೆ ನಿಂತಿದ್ದ ಮುಟ್ಟು ಬೆಳಗ್ಗೆ ಬಂತು ಕಣ್ರೇ.

ಕತ್ತಿನಲ್ಲಿರೋ ಥೈರಾಯ್ಡ್ ಸರಿಯಿಲ್ಲ, ವಿಟಮಿನ್ನೂ ಕಮ್ಮಿ, ಅದಕ್ಕೇ ಮುಟ್ಟು ನಿಂತಿದೆ ಅಂತ ಡಾಕ್ಟರಮ್ಮ ಮಾತ್ರೆ ಕೊಟ್ಟಾಗ ನಮ್ಮತ್ತೆ, "ಕತ್ತಿಗೆ ಮಾತ್ರೆ ನುಂಗಿದ್ರೆ ಹೊಟ್ಟೆ ಸರಿಹೋಗುತ್ತಾ? ನಾಗಪ್ಪಂಗೆ ಹಾಲೆರಿ" ಅಂದಿದ್ರು. ಹಾಲೂ ಎರೆದೆ, ಮಾತ್ರೇನೂ ಬಿಡಲಿಲ್ಲ.

ಇವತ್ತು ಹಿತ್ತಲ ಬಾಗಿಲಲ್ಲಿ ನಿಂತು, "ಅತ್ತೆ, ನಾನು ಹೊರಗಾದೆ" ಅಂದೆ. ಮುಟ್ಟಾದವಳ ನೆರಳೂ ಸೋಕಬಾರದು ಅನ್ನೋ ಅತ್ತೆ, ಮಡಿಸೀರೇಲೇ ಓಡಿಬಂದು ಗಟ್ಟಿಯಾಗಿ ತಬ್ಕೊಂಡ್ಬಿಟ್ರು! "ಗೆದ್ದೆ ಕಣೇ ಹುಡುಗಿ!"

ಆಮೇಲೆ ನೆನಪಾಗಿ, "ಅಯ್ಯೋ, ನನ್ನ ಮಡಿ!" ಅಂತ ಬಚ್ಚಲಿಗೆ ಓಡಿದ್ರು.

ತಲೆ ಮೇಲೆ ಎಷ್ಟು ನೀರು ಬೇಕಾದ್ರೂ ಸುರ್ಕೊಳ್ಳಲಿ. ತಬ್ಕೊಂಡಿದ್ದು ತೊಳೆದ್ರೆ ಹೋಗುತ್ತಾ?