ಚನ್ನಯ್ಯನ ಕಡೆಯವರು ಕಟ್ಟಿದ ಮನೆಗಳು

ಬಿಳಿಗೆರೆ ಸುತ್ತಮುತ್ತ ಮನೆ ಕಟ್ಟಿಸುವವರು ಈಗಲೂ ಚನ್ನಯ್ಯನ ಕಡೆಯವರನ್ನು ಕರೆಯಿರಿ ಅನ್ನುತ್ತಾರೆ. ಚನ್ನಯ್ಯ ಮೇಸ್ತ್ರಿ ಮಂಡಿನೋವಿನಿಂದ ಕೆಲಸ ಬಿಟ್ಟು ತಮ್ಮ ಊರು ಹೆಮ್ಮಿಗೆಯಲ್ಲಿ ಕೂತು ವರ್ಷಗಳೇ ಆದವು. ಪಾಯ ತೋಡಿಸುವುದು, ಗೋಡೆ ಏಳಿಸುವುದು, ತಾರಸಿಗೆ ಮೋಲ್ಡ್ ಹಾಕಿಸುವುದು ಎಲ್ಲ ಈಗ ಅಳಿಯ ರಾಜೇಂದ್ರನದೇ. ಆದರೂ ಗುದ್ದಲಿ ಪೂಜೆಯ ತಾಂಬೂಲವನ್ನು ಅವನು ಮಾವನ ಹೆಸರು ಹೇಳಿಯೇ ತೆಗೆದುಕೊಳ್ಳುತ್ತಿದ್ದ. ಕರಣೆ ಹಿಡಿಯಲು ಕಲಿಸಿದವರ ಹೆಸರು ಹೇಳುವುದು ಆ ಗುಂಪಿನ ರೂಢಿ.

ಊರ ಮನೆಗಳಿಗೆ ಯಾರೂ ಲೈಸೆನ್ಸ್ ಕೇಳುವುದಿಲ್ಲ. ಸರ್ಕಾರದ ಕಟ್ಟಡಕ್ಕೆ ಮಾತ್ರ ಅದಿಲ್ಲದೆ ನಡೆಯದು. ಹಾಗಾಗಿ ರಾಜೇಂದ್ರ ಶಾಲೆಯ ಕೊಠಡಿ ಕಟ್ಟಿದ್ದರೂ ಅದು ಬೇರೆ ಗುತ್ತಿಗೆದಾರನ ಕೈಕೆಳಗೆ, ಕೂಲಿಗೆ. ಈಗ ದೇವನೂರಿಗೆ ಅಂಗನವಾಡಿ ಕಟ್ಟಡ ಬರುತ್ತದೆಂಬ ಸುದ್ದಿ ಕೇಳಿ, ಅದನ್ನು ತಾನೇ ಹಿಡಿಯಬೇಕೆಂದು ನಾಲ್ಕನೇ ದರ್ಜೆ ಗುತ್ತಿಗೆದಾರನ ಲೈಸೆನ್ಸಿಗೆ ಓಡಾಡತೊಡಗಿದ. ಉಳಿದ ಕಾಗದಪತ್ರವೆಲ್ಲ ಕೂಡಿಬಂತು. ಕೆಲಸದ ಅನುಭವವಿದೆಯೆಂದು ಇಂಜಿನಿಯರೊಬ್ಬರು ಬರೆದುಕೊಡುವುದೊಂದು ಬಾಕಿ. ನಂಜನಗೂಡಿನ ಶಾಲಿನಿ ಮೇಡಂ ಒಪ್ಪಿದರು. ಆದರೆ ಕಣ್ಣಾರೆ ನೋಡದೆ ಸಹಿ ಹಾಕುವವರಲ್ಲ. ಸ್ಕೂಟರಿನಲ್ಲಿ ಒಬ್ಬರೇ ಹೋಗಿ ಅವನು ಹೇಳಿದ ಮನೆಗಳನ್ನು ನೋಡಿಬಂದರು.

"ಕೆಲಸ ಚೆನ್ನಾಗೇ ಇದೆ ರಾಜೇಂದ್ರ. ಆದ್ರೆ ಯಾರನ್ನ ಕೇಳಿದ್ರೂ ಚನ್ನಯ್ಯ ಮೇಸ್ತ್ರಿ ಕಟ್ಟಿದ್ದು ಅಂತಾರೆ. ನಿಮ್ಮ ಹೆಸರಿಗೆ ನಾನು ಹೇಗೆ ಬರ್ಕೊಡ್ಲಿ?"

"ಅವ್ರು ನಮ್ಮ ಮಾವ, ಮೇಡಂ."

"ಹಾಗಾದ್ರೆ ಅವ್ರೇ ಬಂದು ಹೇಳ್ಲಿ."

ರಾತ್ರಿ ಮನೆಯಲ್ಲಿ ರಾಜೇಂದ್ರ ನಡೆದದ್ದನ್ನು ಹೇಳಿದ. ಈ ಮನೆಗಳನ್ನು ಕಟ್ಟಿದ್ದು ನಾನಲ್ಲ ಅನ್ನಿ ಎಂದು ಮಾವನನ್ನು ಯಾವ ಬಾಯಲ್ಲಿ ಕೇಳುವುದು?

"ಅಪ್ಪನ್ನ ನಾನೇ ಫೋನಲ್ಲಿ ಕೇಳ್ತೀನಿ ಬುಡಿ," ಎಂದಳು ಹೆಂಡತಿ ರಂಜಿನಿ.

"ಬ್ಯಾಡ ಕಣೆ. ಎದುರಿಗೆ ಓಗೇ ಕೇಳ್ಬೇಕು."

"ಎದುರಿಗೆ ಓದ್ರೆ ಬಾಯಿ ಬುಡ್ತೀರಾ? ಎಣ್ಣು ಕೇಳಕ್ಕೂ ನಿಮ್ಮಕ್ಕನ್ನೇ ಕಳ್ಸಿದ್ರಿ."

ಮರುದಿನ ಅವನು ನರಸೀಪುರದ ದಾರಿ ಹಿಡಿದು ಹೆಮ್ಮಿಗೆಗೆ ಹೋದ. ಜಗಲಿಯ ಮೇಲಿದ್ದ ಮಾವನ ಎದುರು ಕೂತು ನಾಲೆ ನೀರಿನ ಮಾತಾಡಿದ, ಕಬ್ಬಿನ ಮಾತಾಡಿದ.

"ಏನ್ಲಾ, ಆಗ್ಲಿಂದ ಕಬ್ಬು ಕಬ್ಬು ಅಂತಿದ್ದೀಯ. ನೀನ್ಯಾವಾಗ ಕಬ್ಬು ಬೆಳ್ದೆ? ಬಂದಿದ್ದು ಯಾಕೆ, ಅದ ಏಳು."

ರಾಜೇಂದ್ರ ನೆಲ ನೋಡುತ್ತ ಹೇಳಿದ. ಚನ್ನಯ್ಯ ಮಂಡಿ ನೀವಿಕೊಳ್ಳುವುದನ್ನು ನಿಲ್ಲಿಸಿದರು. ಕೆಟ್ಟೆ ಅಂದುಕೊಂಡ ಅಳಿಯ.

"ಅಲ್ಲ ಕಣ್ಲಾ, ಮೊನ್ನೆ ಆಸ್ಪತ್ರೇಲಿ ಒಬ್ಬ ನನ್ನ ಇಡ್ಕಂಡು, ನೀನು ಕಟ್ಟಿದ ಬಚ್ಚಲಲ್ಲಿ ನೀರು ನಿಲ್ತದೆ ಅಂದ. ಆ ಮನೇನ ನಾನು ಕಂಡೇ ಇಲ್ಲ. ಯಾರ ತಾರಸಿ ಸೋರಿದ್ರೂ ಬಯ್ಗುಳ ನಂಗೆ. ಅಳಿಯ ನನ್ನ ಎಸ್ರು ಉಳಿಸ್ತಾವ್ನೆ, ಬ್ಯಾಡ ಅಂದ್ರೆ ನೊಂದ್ಕತ್ತಾನೆ ಅಂತ ಸುಮ್ಗಿದ್ದೆ."

"ಬೇಜಾರಿಲ್ವಾ ಮಾವ?"

"ಬೇಜಾರಾ? ತಲೆ ಮೇಲಿನ ಗಾರೆ ಬಾಂಡ್ಲಿ ಇಳಿಸಿದಂಗಾಯ್ತು. ಗಾಡಿ ತಿರುಗ್ಸು."

ರಾಜೇಂದ್ರ ಫೋನ್ ಮಾಡಿದ ಮೇಲೆ ಶಾಲಿನಿ ಮೇಡಂ ಅವನು ಕಟ್ಟಿದ್ದ ಬಿಳಿಗೆರೆಯ ಇಂದ್ರಾಣಿಯ ಮನೆಗೆ ಬಂದರು. ಬೈಕಿನಿಂದ ಇಳಿಯುತ್ತಿದ್ದ ಚನ್ನಯ್ಯನವರನ್ನು ಕಂಡು ಇಂದ್ರಾಣಿ ನಗುತ್ತ ಹೊರಗೆ ಬಂದಳು.

"ಏನಣ್ಣ, ಮನೆ ಕಟ್ಕೊಟ್ಟು ಈ ಕಡೆ ತಲೇನೇ ಆಕ್ಲಿಲ್ಲ?"

"ನಾನು ಈ ಮನೆ ನೋಡ್ತಿರೋದೇ ಇವತ್ತು ಕಣವ್ವ. ನೀನೇ ಏಳು, ದಿನಾ ಇಲ್ಲಿ ನಿಂತು ಕೆಲ್ಸ ಮಾಡ್ಸಿದ್ದು ಯಾರು?"

"ರಾಜೇಂದ್ರ. ಅದು ಊರಿಗೇ ಗೊತ್ತು. ನಿಮ್ಮ ಕಡೆಯವ್ರಲ್ವಾ ಅಂತ ನಿಮ್ಮೆಸ್ರು ಏಳ್ದೆ."

ಚನ್ನಯ್ಯ ಗೋಡೆಯ ಮೇಲೆ ಅಂಗೈ ಆಡಿಸುತ್ತ ಒಳಗೆಲ್ಲ ತಿರುಗಿದರು. "ಮೂಲೆ ಚೆಂದಾಗಿ ತಗ್ದಿದ್ದೀಯ ಕಣ್ಲಾ," ಎಂದರು. ಕೆಲಸ ಕಲಿಸುವಾಗ ಒಮ್ಮೆಯೂ ಹೊಗಳಿದವರಲ್ಲ. ರಾಜೇಂದ್ರ ಕಿಟಕಿಯ ಸರಳು ಒರೆಸಿದ. ಇನ್ನೆರಡು ಮನೆಗಳಲ್ಲೂ ಇದೇ ಮಾತಾಯಿತು. ಶಾಲಿನಿ ಮೇಡಂ ಸ್ಕೂಟರಿನ ಸೀಟಿನ ಮೇಲೆ ಕಾಗದವಿಟ್ಟು ಸಹಿ ಹಾಕಿದರು.

ಲೈಸೆನ್ಸ್ ಕೈಗೆ ಬಂದ ದಿನ ರಾಜೇಂದ್ರ ನೇರ ಹೆಮ್ಮಿಗೆಗೆ ಹೋದ. ಅಂಗನವಾಡಿ ಕೆಲಸ ಸಿಗುತ್ತದೋ ಇಲ್ಲವೋ, ಟೆಂಡರ್ ಹಾಕಲು ಇನ್ನು ಯಾರನ್ನೂ ಕೇಳಬೇಕಿಲ್ಲ. ಮಧ್ಯಾಹ್ನದ ಹೊತ್ತು, ಮಾವ ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದರು. ಅವನು ಎಬ್ಬಿಸಲಿಲ್ಲ. ಪಕ್ಕದ ಕಂಬಕ್ಕೆ ಒರಗಿ ಕಾಲು ಚಾಚಿದ. ಅತ್ತೆ ಪಾಪಮ್ಮ ಮಜ್ಜಿಗೆ ತರುವಷ್ಟರಲ್ಲಿ ಅವನಿಗೂ ನಿದ್ದೆ ಹತ್ತಿತ್ತು.