ಅಂಟಿನ ಉಂಡಿಯ ಡಬ್ಬಿ

ಅಡುಗೆಮನೆಯಲ್ಲಿ ಆ ಮುಂಜಾನೆ ನಾವು ಮೂವರಿದ್ದೆವು: ಒಲೆಯ ಮುಂದೆ ನಾನು, ಗೋಡೆಗೊರಗಿ ಕೂತ ನನ್ನ ಅತ್ತೆ, ಅವರೆದುರು ಚಾಪೆಯ ಮೇಲೆ ಒಂಬತ್ತು ವರ್ಷದ ನನ್ನ ಮಗಳು. ಮನೆಯವರು ಕಾಗದದ ಮಿಲ್ಲಿಗೆ ಮೊದಲ ಪಾಳಿಗೆ ಹೋಗಿದ್ದರು.

"ಏಳಾರ್ಲೆ ಎಷ್ಟ?" ಅತ್ತೆ ಕೇಳಿದರು.

ಹಿಂದಿನ ಸಂಜೆ ಗಡಗಡ ಹೇಳಿದ್ದ ಮಗ್ಗಿ. ಮಗಳು ಚಾಪೆಯ ಎಳೆ ಕೀಳುತ್ತ ಕೂತಳು.

"ತಲಿಗೆ ಶಕ್ತಿ ಸಾಲವಲ್ದು ಪಾಪ," ಎಂದು ಅತ್ತೆ ಡಬ್ಬಿಯಿಂದ ಅಂಟಿನ ಉಂಡಿ ತೆಗೆದು ಕೊಟ್ಟರು. ತಿನ್ನುವ ಅಂಟು, ಕೊಬ್ಬರಿ, ಬದಾಮಿ, ಬೆಲ್ಲ, ತುಪ್ಪ ಹಾಕಿ ಕಟ್ಟಿದ್ದು. ಬಾಣಂತಿಯರಿಗೆ ಮಾಡುವ ಉಂಡಿ. ನಮ್ಮ ಮನೆಯಲ್ಲಿ ಮರೆತವರಿಗೂ. ಅವಳು ಮರೆತಾಗಲೆಲ್ಲ ಒಂದು. ಕಟ್ಟುತ್ತಿದ್ದವಳು ನಾನೇ.

ಓಣಿಯ ಹುಡುಗಿಯರು ಅವಳನ್ನು "ಗುಂಡಕ್ಕಾ, ದಾರಿ ಬಿಡ!" ಎನ್ನುತ್ತಿದ್ದರು. ರಾತ್ರಿ ಗೊರಕೆ ಹೊಡೆದರೆ ಅತ್ತೆಗೆ ಸಮಾಧಾನ: "ಹೊಟ್ಟಿ ತುಂಬೇತಿ, ಚಲೋ ನಿದ್ದಿ." ಶಾಲೆಯಲ್ಲಿ ಕಲಿಸುವ ಬಾಯಿಯವರು ನನ್ನನ್ನು ಕರೆಸಿ, ಕಲಿತದ್ದು ಇವಳಿಗೆ ನಿಲ್ಲುತ್ತಿಲ್ಲ, ಡಾಕ್ಟರಿಗೆ ತೋರಿಸಿರಿ ಎಂದರು. ಹೊರಗೆ ಬಂದ ಮೇಲೆ ಮಗಳು ಕೇಳಿದಳು: "ಅವ್ವಾ, ನಾ ದಡ್ಡಿ ಏನ?"

ಹಳಿಯಾಳದ ಡಾಕ್ಟರು ತೂಕ ನೋಡಿದರು, ಗಂಟಲು ನೋಡಿದರು. ಮೊದಲು ಕೇಳಿದ್ದೇ ಗೊರಕೆಯ ಮಾತು.

"ಅದು ಚಲೋ ನಿದ್ದಿ ಅಲ್ರೀ. ಮೈ ಭಾರ ಆದ್ರ ಕೆಲವು ಮಕ್ಕಳಿಗೆ ಮಲಗಿದಾಗ ಉಸಿರು ತಡೀತೈತಿ. ನಿದ್ದಿ ಕೆಟ್ರ ಹಗಲೆಲ್ಲಾ ಮಂಕು, ಕಲಿತದ್ದು ನಿಲ್ಲೂದಿಲ್ಲ. ದಡ್ಡಿ ಅಲ್ಲ ಈಕಿ. ಏನು ತಿನಸ್ತೀರಿ?"

ಜೊತೆಗೆ ಬಂದಿದ್ದ ಅತ್ತೆ ನನ್ನ ಮುಖ ನೋಡಿದರು. "ಉಂಡಿ," ಎಂದೆ. "ನೆನಪು ಉಳೀಲಿ ಅಂತ."

ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಉಂಡಿ ನಿಲ್ಲಿಸಿ, ದಿನಾ ಆಡಲು ಬಿಡಿ, ಗೊರಕೆಗೆ ಗಂಟಲಿನ ಡಾಕ್ಟರಿಗೂ ತೋರಿಸಿ ಎಂದು ಚೀಟಿ ಬರೆದುಕೊಟ್ಟರು.

ದಾಂಡೇಲಿಗೆ ಮರಳುವ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತೆವು. ನನಗೆ ಅಳು ಬರಲಿಲ್ಲ, ಅತ್ತೆಯ ಮೇಲೆ ಸಿಟ್ಟೂ ಬರಲಿಲ್ಲ. ಸಾಗವಾನಿ ಗಿಡಗಳು ಹಿಂದೆ ಹೋಗುತ್ತಿದ್ದವು, ನೋಡುತ್ತಿದ್ದೆ. ಮಗಳು ನನ್ನ ತೋಳಿಗೆ ಒರಗಿ ಗೊರಕೆ ಹೊಡೆಯತೊಡಗಿದಳು. ಅತ್ತೆ ಊರು ಬರುವವರೆಗೂ ಅವಳ ಎದೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು.

ಮರುದಿನ ಅವರೇ ಡಬ್ಬಿ ಒಯ್ದು ಪಕ್ಕದ ಮನೆಯ ಬಾಣಂತಿಗೆ ಕೊಟ್ಟುಬಂದರು.

ಎಂಟು ದಿನವಾಗಿರಬೇಕು. ಮಗಳು ಮಗ್ಗಿ ಹೇಳುತ್ತ ಏಳಾರ್ಲೆಗೆ ಮತ್ತೆ ನಿಂತಳು. ಅತ್ತೆಯ ಕೈ ಗೋಡೆಯಲ್ಲಿ ಡಬ್ಬಿ ಇಡುತ್ತಿದ್ದ ಮಾಡಕ್ಕೆ ಹೋಯಿತು. ಅಲ್ಲಿ ಡಬ್ಬಿ ಇರಲಿಲ್ಲ. ಕೈ ಕೆಳಗಿಳಿಸಿ, "ಮೊದಲಿಂದ ಹೇಳವ್ವಾ, ನಾನೂ ಕೂಡ ಹೇಳ್ತೇನಿ," ಎಂದರು.